ಹಿಂದಿನ ಸಾಲಿನ ನಾಲ್ಕು ತಂತಿ

ಕಾಲೇಜಿನಲ್ಲಿ ನಾಲ್ಕು ಹುಡುಗರು ಸೇರಿ ಒಂದು ಬ್ಯಾಂಡ್ ಕಟ್ಟಲು ಹೊರಟರೆ ಮೊದಲ ಜಗಳ ಯಾವ ಹಾಡು ಎಂಬುದಕ್ಕಲ್ಲ, ಯಾರಿಗೆ ಯಾವ ವಾದ್ಯ ಎಂಬುದಕ್ಕೆ. ಒಬ್ಬ ಹಾಡುತ್ತಾನೆ. ಇನ್ನೊಬ್ಬ ಡ್ರಮ್ಸ್ ಹಿಡಿಯುತ್ತಾನೆ. ಉಳಿದಿಬ್ಬರಿಗೂ ಲೀಡ್ ಗಿಟಾರೇ ಆಗಬೇಕು. ಕೊನೆಗೆ ಆ ಇಬ್ಬರಲ್ಲಿ ಸ್ವಲ್ಪ ಮೆತ್ತಗಿನವನ ಕೈಗೆ ಉದ್ದ ಕತ್ತಿನ, ನಾಲ್ಕೇ ತಂತಿಯ ಬೇಸ್ ಗಿಟಾರ್ ಬರುತ್ತದೆ. ಅದನ್ನು ಮನೆಗೆ ತಂದ ದಿನ ತಾಯಿ ಕೇಳುತ್ತಾರೆ: "ಇನ್ನೆರಡು ತಂತಿ ಎಲ್ಲೋ?" ಕಾಲೇಜು ಡೇ ಮುಗಿದ ಮೇಲೆ ತಂದೆ ಕೇಳುತ್ತಾರೆ: "ಅದರಲ್ಲಿ ನೀನು ನುಡಿಸಿದ್ದು ಯಾವುದಪ್ಪಾ? ಕೇಳಿಸಲೇ ಇಲ್ಲವಲ್ಲ!"

ಎರಡೂ ನ್ಯಾಯವಾದ ಪ್ರಶ್ನೆಗಳೇ. ಅವುಗಳ ಉತ್ತರ ತಿಳಿದುಕೊಂಡರೆ, ಮಗನೋ ಮಗಳೋ ಹಿಂದಿನ ಸಾಲಿನಲ್ಲಿ ನಿಲ್ಲಲು ಒಪ್ಪಿದರೆಂಬ ಮನೆಯವರ ಬೇಸರ ಅರ್ಧಕ್ಕರ್ಧ ಇಳಿದೀತು.

ತಂತಿ ಎಲ್ಲಿಗೂ ಹೋಗಿಲ್ಲ

ಸಂಗೀತದಲ್ಲಿ ಬೇಸ್ ಎಂದರೆ ಕೆಳಗಿನ ಸ್ವರ. ಸಂಗೀತ ಕಲಿತವರ ಮಾತಿನಲ್ಲಿ ಹೇಳುವುದಾದರೆ ಮಂದ್ರ. ಸಾಮಾನ್ಯ ಗಿಟಾರಿನ ಆರು ತಂತಿಗಳಲ್ಲಿ ಕೆಳಸ್ವರದ ನಾಲ್ಕನ್ನು ಇ, ಎ, ಡಿ, ಜಿ ಎಂಬ ಸ್ವರಗಳಿಗೆ ಶ್ರುತಿ ಮಾಡುತ್ತಾರೆ. ಬೇಸ್ ಗಿಟಾರಿನ ನಾಲ್ಕು ತಂತಿಗಳ ಸ್ವರವೂ ಇದೇ, ಆದರೆ ಒಂದು ಸ್ಥಾಯಿ ಕೆಳಗೆ. ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸಿದರೆ ಬೇಸಿನದು 41 ಸಲ. ಕಂಪನ ಕಡಿಮೆಯಾಗಬೇಕಾದರೆ ತಂತಿ ಉದ್ದವಾಗಬೇಕು, ದಪ್ಪವಾಗಬೇಕು, ಇಲ್ಲವೇ ಸಡಿಲವಾಗಬೇಕು ಎಂಬುದು ಪಿಯುಸಿ ಭೌತಶಾಸ್ತ್ರದ ಪಾಠ. ತೀರಾ ಸಡಿಲ ಬಿಟ್ಟರೆ ತಂತಿ ಪಟಪಟನೆ ಬಡಿಯುತ್ತದೆ. ಹಾಗಾಗಿಯೇ ಈ ವಾದ್ಯದ ತಂತಿ ದಪ್ಪ, ಕತ್ತು ಉದ್ದ. ಗಿಟಾರಿನಲ್ಲಿ ತಂತಿಯ ನುಡಿಯುವ ಭಾಗ ಸುಮಾರು 25.5 ಅಂಗುಲವಿದ್ದರೆ ಪೂರ್ಣ ಅಳತೆಯ ಬೇಸಿನಲ್ಲಿ 34 ಅಂಗುಲ.

ಈ ವಾದ್ಯ ಹುಟ್ಟಿದ್ದು ಹೊರಲಾರದ ಭಾರದಿಂದ. ಅದಕ್ಕೂ ಮೊದಲು ಪಾಶ್ಚಾತ್ಯ ವಾದ್ಯವೃಂದಗಳಲ್ಲಿ ಮಂದ್ರಸ್ವರ ನುಡಿಸುತ್ತಿದ್ದುದು ಡಬಲ್ ಬೇಸ್. ಆಳೆತ್ತರದ ಪಿಟೀಲಿನಂಥ ಅದನ್ನು ನಿಂತು ನುಡಿಸಬೇಕು. ಊರೂರು ತಿರುಗುವ ತಂಡಗಳಿಗೆ ಅದನ್ನು ಸಾಗಿಸುವುದೇ ಒಂದು ಶಿಕ್ಷೆ. ಡ್ರಮ್ಸ್ ಸದ್ದಿನ ಮುಂದೆ ಅದು ಕೇಳಿಸುತ್ತಲೂ ಇರಲಿಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ಪಾಲ್ ಟುಟ್‌ಮಾರ್ಕ್ ಎಂಬಾತ 1930ರ ದಶಕದಲ್ಲಿಯೇ ಒಂದು ವಿದ್ಯುತ್ ಬೇಸ್ ಮಾಡಿದ್ದ. ಆದರೆ ಅದು ಹೆಚ್ಚು ಜನರನ್ನು ತಲುಪಲಿಲ್ಲ. ಕ್ಯಾಲಿಫೋರ್ನಿಯಾದ ಫುಲರ್ಟನ್ ಪಟ್ಟಣದಲ್ಲಿ ರೇಡಿಯೋ ರಿಪೇರಿ ಅಂಗಡಿಯಿಂದ ಬದುಕು ಆರಂಭಿಸಿದ ಲಿಯೋ ಫೆಂಡರ್ 1951ರಲ್ಲಿ ಹೊರತಂದ 'ಪ್ರಿಸಿಷನ್ ಬೇಸ್' ಜಗತ್ತನ್ನೇ ಹಿಡಿಯಿತು. ವೀಣೆಯ ಮೆಟ್ಟಿಲುಗಳಂತೆ ಇದರ ಕತ್ತಿನ ಮೇಲೂ ಲೋಹದ ಫ್ರೆಟ್‌ಗಳಿದ್ದವು. ಬೆರಳನ್ನು ಸರಿಯಾದ ಮನೆಯಲ್ಲಿಟ್ಟರೆ ಸ್ವರ ತಪ್ಪುವಂತಿಲ್ಲ. ಅದಕ್ಕೇ 'ನಿಖರ' ಎಂಬ ಅರ್ಥದ ಆ ಹೆಸರು. ಲಿಯೋ ಫೆಂಡರ್‌ಗೆ ಸ್ವತಃ ಗಿಟಾರ್ ನುಡಿಸಲು ಬರುತ್ತಿರಲಿಲ್ಲ ಎಂಬುದು ತಮಾಷೆಯ ಸಂಗತಿ. ನುಡಿಸುವವರ ಗೋಳನ್ನು ಕಿವಿಗೊಟ್ಟು ಕೇಳುವುದು ಮಾತ್ರ ಆತನಿಗೆ ಚೆನ್ನಾಗಿ ಬರುತ್ತಿತ್ತು.

ಮೂವತ್ತು ಪೌಂಡಿನ ವಾದ್ಯ

ಬೇಸ್ ಯಾರಿಗೂ ಬೇಡವಾಗುವುದು ಹೊಸದೇನಲ್ಲ. 1960ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನ ಹುಡುಗರ ತಂಡವೊಂದಕ್ಕೆ ಬೇಸ್ ನುಡಿಸುವವರಿರಲಿಲ್ಲ. ಚಿತ್ರಕಲಾ ವಿದ್ಯಾರ್ಥಿ ಸ್ಟುವರ್ಟ್ ಸಟ್‌ಕ್ಲಿಫ್‌ನ ಕಲಾಕೃತಿಯೊಂದು ಪ್ರದರ್ಶನದಲ್ಲಿ 65 ಪೌಂಡಿಗೆ ಮಾರಾಟವಾಗಿತ್ತು. ಗೆಳೆಯ ಜಾನ್ ಲೆನನ್ ಪುಸಲಾಯಿಸಿದ. ನುಡಿಸಲು ಬಾರದ ಸ್ಟುವರ್ಟ್ ಬೇಸ್ ಕೊಂಡ. ಆದರೆ ಅವನ ಮನಸ್ಸೆಲ್ಲ ಬಣ್ಣದಲ್ಲಿತ್ತು. 1961ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಆತ ತಂಡ ಬಿಟ್ಟು ಮತ್ತೆ ಚಿತ್ರಕಲೆಗೆ ಮರಳಿದಾಗ, ಅಲ್ಲಿಯತನಕ ಗಿಟಾರ್ ನುಡಿಸುತ್ತಿದ್ದ ಪಾಲ್ ಮೆಕಾರ್ಟ್ನಿಯ ಹೆಗಲಿಗೆ ಬೇಸ್ ಬಿತ್ತು. ತಂಡದ ಹೆಸರು ಬೀಟಲ್ಸ್.

ಆಗ ಫೆಂಡರ್ ಬೇಸ್ ಬೆಲೆ ಸುಮಾರು 100 ಪೌಂಡ್. ಅಷ್ಟು ಹಣ ಪಾಲ್ ಬಳಿ ಇರಲಿಲ್ಲ. ಆತ ಹ್ಯಾಂಬರ್ಗ್‌ನ ಅಂಗಡಿಯಲ್ಲಿ ಸುಮಾರು 30 ಪೌಂಡಿಗೆ, ಪಿಟೀಲಿನ ಆಕಾರದ ಹಗುರವಾದ ಹಾಫ್ನರ್ ಬೇಸ್ ಒಂದನ್ನು ಕೊಂಡ. ಆತ ಎಡಚ. ಎರಡು ಕಡೆಯೂ ಒಂದೇ ಆಕಾರವಿದ್ದುದರಿಂದ ಎಡಗೈಯಲ್ಲಿ ನುಡಿಸಿದರೂ ಅದು ತಲೆಕೆಳಗಾದಂತೆ ಕಾಣುತ್ತಿರಲಿಲ್ಲ. ಬೆಲೆಗೂ ಕೈಗೂ ಹೊಂದಿದ ಆ ಅಗ್ಗದ ವಾದ್ಯದಲ್ಲಿಯೇ ಬೀಟಲ್ಸ್ ತಂಡದ ಮೊದಮೊದಲ ಪ್ರಸಿದ್ಧ ಹಾಡುಗಳು ಮೂಡಿಬಂದವು. 1972ರಲ್ಲಿ ಲಂಡನ್ನಿನಲ್ಲಿ ವ್ಯಾನಿನಿಂದ ಅದು ಕಳುವಾಯಿತು. ಐವತ್ತೊಂದು ವರ್ಷಗಳ ನಂತರ ಮನೆಯೊಂದರ ಅಟ್ಟದಲ್ಲಿ ಪತ್ತೆಯಾಗಿ ಮರಳಿ ಯಜಮಾನನ ಕೈ ಸೇರಿತು. ಸುದ್ದಿ ಬಹಿರಂಗವಾದದ್ದು 2024ರ ಫೆಬ್ರುವರಿಯಲ್ಲಿ. ಆ ವರ್ಷದ ಡಿಸೆಂಬರಿನಲ್ಲಿ, 82ರ ವಯಸ್ಸಿನಲ್ಲಿ, ಮೆಕಾರ್ಟ್ನಿ ಅದನ್ನು ಲಂಡನ್ನಿನ ವೇದಿಕೆಯಲ್ಲಿ ಮತ್ತೆ ನುಡಿಸಿದರು.

ನೆಲ ಡೊಂಕೋ, ಕಾಲು ಡೊಂಕೋ

ಬೇಸ್ ನುಡಿಸುವವರು ಇಬ್ಬರು ಸೇರಿದರೆ ಮಾತು ಎರಡೇ ದಾರಿ ಹಿಡಿಯುತ್ತದೆ. ಒಂದು, ಯಾವ ವಾದ್ಯ ಮೇಲು. ಇನ್ನೊಂದು, ತಂಡದವರಿಂದ ಪಡುವ ಪಾಡು.

ಮೊದಲನೆಯದರಲ್ಲಿ ಪ್ರಿಸಿಷನ್ ಪಕ್ಷದವರು, 1960ರಲ್ಲಿ ಬಂದ ಫೆಂಡರ್ 'ಜಾಜ್ ಬೇಸ್' ಪಕ್ಷದವರು ಎಂದು ಎರಡು ಬಣಗಳೇ ಇವೆ. ಪ್ರಿಸಿಷನ್‌ನ ನಾದ ದುಂಡಗೆ, ದಪ್ಪಗೆ. ಜಾಜ್ ಬೇಸಿನ ಕತ್ತು ತುದಿಯಲ್ಲಿ ತೆಳ್ಳಗೆ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಎರಡಿರುವುದರಿಂದ ನಾದವನ್ನು ಬೇಕಾದಂತೆ ಬೆರೆಸಬಹುದು. ಆದರೆ ಎರಡರಲ್ಲಿ ಒಂದರ ಸದ್ದು ಇಳಿಸಿದೊಡನೆ ಗುಂಯ್ ಎಂಬ ವಿದ್ಯುತ್ ಗದ್ದಲ ಶುರು. 1957ರ ನಂತರದ ಪ್ರಿಸಿಷನ್‌ನಲ್ಲಿ ಪಿಕಪ್ಪನ್ನೇ ಎರಡು ಭಾಗ ಮಾಡಿ ಆ ಗದ್ದಲ ಒಂದನ್ನೊಂದು ಅಳಿಸುವಂತೆ ಮಾಡಲಾಗಿದೆ. ಕೆಲವು ವಾದ್ಯಗಳ ಕತ್ತು ಎಷ್ಟು ಭಾರವೆಂದರೆ ಕೈಬಿಟ್ಟರೆ ನೆಲಕ್ಕೆ ವಾಲುತ್ತದೆ. ಎರಡು ಗಂಟೆ ನಿಂತು ನುಡಿಸಿದರೆ ಎಡಭುಜ ಸೋಲುತ್ತದೆ. ಇನ್ನು ಕೆಲವದರಲ್ಲಿ ತೆಳು ತಂತಿಯ ಐದರಿಂದ ಏಳನೆಯ ಫ್ರೆಟ್ ಸುಮಾರಿಗೆ ಒಂದು ಸ್ವರ ಬೇಗನೆ ಸತ್ತುಹೋಗುತ್ತದೆ. ಅಂಗಡಿಯಲ್ಲಿ ಪ್ರತಿ ಫ್ರೆಟ್ ಒತ್ತಿ ನೋಡಿದರೆ ಮಾತ್ರ ಇದು ತಿಳಿಯುತ್ತದೆ.

ಇದೆಲ್ಲ ತಿಳಿದಿರಬೇಕಾದ ವಿಷಯವೇ. ತೊಂದರೆ ಶುರುವಾಗುವುದು, "ಆ ವಾದ್ಯ ಸಿಕ್ಕಿದ್ದರೆ ನಾನೂ ನುಡಿಸುತ್ತಿದ್ದೆ" ಎನ್ನತೊಡಗಿದಾಗ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಸಮಯಪಾಲನೆ ಕಲಿಯದ ಕೈಗೆ ಲಕ್ಷ ರೂಪಾಯಿಯ ವಾದ್ಯ ಕೊಟ್ಟರೂ ತಾಳ ಜಾರುವುದು ತಪ್ಪುವುದಿಲ್ಲ.

ಎರಡನೆಯ ದಾರಿಯ ಮಾತು ಇನ್ನೂ ಉದ್ದ. ಅಭ್ಯಾಸಕ್ಕೆ ಆರು ಗಂಟೆ ಎಂದರೆ ಗಾಯಕ ಏಳಕ್ಕೆ ಬರುತ್ತಾನೆ. ಗಿಟಾರಿನವನು ಪ್ರತಿ ಹಾಡಿಗೂ ತನ್ನ ಸದ್ದು ಒಂದು ಗೆರೆ ಏರಿಸುತ್ತಾನೆ. ಅದನ್ನು ಕೇಳಿ ಡ್ರಮ್ಸಿನವನು ಬಲವಾಗಿ ಬಡಿಯುತ್ತಾನೆ. ಕೊನೆಗೆ ಧ್ವನಿವರ್ಧಕದವನು ಬಂದು "ಬೇಸ್ ಕಮ್ಮಿ ಮಾಡಿ" ಎನ್ನುತ್ತಾನೆ! ಬೇಸಿನ ಆಂಪ್ಲಿಫೈಯರ್ ದೊಡ್ಡದು. ಕಾರ್ಯಕ್ರಮ ಮುಗಿದ ಮೇಲೆ ಅದನ್ನು ಮಹಡಿಯಿಂದ ಇಳಿಸುವ ಹೊತ್ತಿಗೆ ಉಳಿದವರು ಕ್ಯಾಂಟೀನಿನಲ್ಲಿರುತ್ತಾರೆ. ಸಂಘಟಕರು ಕೊಟ್ಟ ಹಣದಲ್ಲಿ ವಾಹನದ ಬಾಡಿಗೆ ಕಳೆದರೆ ಹಂಚಿಕೊಳ್ಳಲು ಮಿಕ್ಕುವುದು ಊಟದ ಖರ್ಚು.

ಧ್ವನಿವರ್ಧಕದವನ ಮಾತಿಗೆ ಮಾತ್ರ ಒಂದು ವೈಜ್ಞಾನಿಕ ಕಾರಣವಿದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು 41ರಿಂದ ಭಾಗಿಸಿದರೆ ಬೇಸಿನ ಅತಿ ಕೆಳಗಿನ ಸ್ವರದ ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು, ಅಂದರೆ ಒಂದು ತರಗತಿಯ ಕೋಣೆಯಷ್ಟು. ಅಂಥ ಅಲೆ ಗೋಡೆಗೆ ಬಡಿದು ಹಿಂತಿರುಗಿದಾಗ ಸಭಾಂಗಣದ ಒಂದು ಮೂಲೆಯಲ್ಲಿ ಎದೆ ನಡುಗಿಸುತ್ತದೆ, ಇನ್ನೊಂದು ಕಡೆ ಮಾಯವಾಗುತ್ತದೆ. ವೇದಿಕೆಯ ಮೇಲೆ ನಿಂತವನಿಗೆ ತನ್ನ ಸ್ವರ ಸಾಲದೆನಿಸುತ್ತದೆ. ಕೊನೆಯ ಸಾಲಿನವರು ಕಿವಿ ಮುಚ್ಚಿಕೊಂಡಿರುತ್ತಾರೆ. ಸಭಾಂಗಣದಲ್ಲಿ ಒಂದು ಸುತ್ತು ನಡೆದು ಕೇಳಿ ಬಂದವನಿಗೆ ಮಾತ್ರ ನಿಜ ಗೊತ್ತು. ಕಾರ್ಯಕ್ರಮಕ್ಕೆ ಮುಂಚೆ ಹಾಗೆ ಒಂದು ಸುತ್ತು ಬರುವ ಹುಡುಗ ಅರ್ಧ ಜಗಳ ಉಳಿಸುತ್ತಾನೆ.

ಹೆಸರಿಲ್ಲದ ಬೆರಳು

ಇವು ತಾಳಿಕೊಳ್ಳಬಹುದಾದ ಕಷ್ಟಗಳು. ಇದಕ್ಕಿಂತ ದೊಡ್ಡದೊಂದಿದೆ. ಅದನ್ನು ತಿಳಿಯಲು ಅಮೆರಿಕದ ಡೆಟ್ರಾಯಿಟ್ ನಗರಕ್ಕೆ ಹೋಗಬೇಕು. ಅಲ್ಲಿನ ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್ ರಸ್ತೆಯ ಸಾಧಾರಣ ಮನೆಯೊಂದು ಇಂದು ವಸ್ತುಸಂಗ್ರಹಾಲಯ. 1960ರ ದಶಕದಲ್ಲಿ ಅದು ಮೋಟೌನ್ ಕಂಪನಿಯ ಧ್ವನಿಮುದ್ರಣ ಶಾಲೆಯಾಗಿತ್ತು. ಹೊರಗೆ ಗಾಯಕರ ಹೆಸರು ಜಗತ್ತಿಗೆಲ್ಲ ಗೊತ್ತಿತ್ತು. ಒಳಗೆ ಕುಳಿತು ನುಡಿಸುತ್ತಿದ್ದವರ ಹೆಸರು ಡಿಸ್ಕಿನ ಹೊದಿಕೆಯ ಮೇಲೆ ಇರುತ್ತಿರಲಿಲ್ಲ.

ಅವರಲ್ಲೊಬ್ಬ ಜೇಮ್ಸ್ ಜೇಮರ್ಸನ್. 1936ರಲ್ಲಿ ದಕ್ಷಿಣ ಕ್ಯಾರೊಲಿನಾದ ದ್ವೀಪವೊಂದರಲ್ಲಿ ಹುಟ್ಟಿ, ಹದಿಹರೆಯದಲ್ಲಿ ಡೆಟ್ರಾಯಿಟ್‌ಗೆ ಬಂದು, ಶಾಲೆಯಲ್ಲಿ ಡಬಲ್ ಬೇಸ್ ಕಲಿತವನು. ಆತನ ಬಳಿ ಇದ್ದದ್ದು 1962ರ ಒಂದು ಪ್ರಿಸಿಷನ್ ಬೇಸ್. ತುಂಡಾಗುವ ತನಕ ತಂತಿ ಬದಲಿಸುತ್ತಿರಲಿಲ್ಲ. ನುಡಿಸುತ್ತಿದ್ದುದು ಬಲಗೈಯ ತೋರುಬೆರಳೊಂದರಿಂದಲೇ; ಗೆಳೆಯರು ಅದಕ್ಕೆ 'ಕೊಕ್ಕೆ' ಎಂದು ಹೆಸರಿಟ್ಟಿದ್ದರು. ಟೆಂಪ್ಟೇಷನ್ಸ್ ತಂಡದ 'ಮೈ ಗರ್ಲ್' ಹಾಡು ಶುರುವಾಗುವುದೇ ಆ ಬೆರಳಿನಿಂದ. ಗಿಟಾರು, ಗಾಯಕ ಎಲ್ಲರೂ ಆಮೇಲೆ. ಜಗತ್ತಿನ ಬೇಸ್ ವಾದಕರು ಆ ನಾದ ಕೇಳಿ ಕಲಿಯುತ್ತಿದ್ದರು, ಯಾರದೆಂದು ತಿಳಿಯದೆಯೇ. 1971ರಲ್ಲಿ ಮಾರ್ವಿನ್ ಗೇ ತನ್ನ 'ವಾಟ್ಸ್ ಗೋಯಿಂಗ್ ಆನ್' ಆಲ್ಬಮ್ಮಿನ ಹೊದಿಕೆಯಲ್ಲಿ ವಾದಕರ ಹೆಸರು ಅಚ್ಚು ಹಾಕಿಸಿದಾಗ ಜೇಮರ್ಸನ್‌ನ ಹೆಸರೂ ಬೆಳಕಿಗೆ ಬಂತು. ಮರುವರ್ಷವೇ ಕಂಪನಿ ಲಾಸ್ ಏಂಜಲೀಸ್‌ಗೆ ಹೊರಟುಹೋಯಿತು. ಆತ ಹಿಂಬಾಲಿಸಿದ, ಆದರೆ ಅಲ್ಲಿ ಕಾಲ ಬದಲಾಗಿತ್ತು. ಕುಡಿತ ಮೊದಲೇ ಅಂಟಿತ್ತು. 1983ರಲ್ಲಿ ಮೋಟೌನ್‌ನ ಇಪ್ಪತ್ತೈದನೆಯ ವರ್ಷದ ದೊಡ್ಡ ಸಮಾರಂಭಕ್ಕೆ ಆತ ಟಿಕೆಟ್ ಕೊಂಡು ಹೋಗಿ ಬಾಲ್ಕನಿಯಲ್ಲಿ ಕುಳಿತನೆಂದು ಆತನ ಬಗ್ಗೆ ಬರೆದವರು ದಾಖಲಿಸಿದ್ದಾರೆ. ಅದೇ ವರ್ಷ ಆತನ ಬೇಸ್ ಕಳುವಾಯಿತು. ಮೆಕಾರ್ಟ್ನಿಯದು ಮರಳಿ ಸಿಕ್ಕಿತು. ಜೇಮರ್ಸನ್‌ಗೆ ಕಾಯಲು ಸಮಯವಿರಲಿಲ್ಲ. ಆಗಸ್ಟ್ 2ರಂದು, 47ನೆಯ ವಯಸ್ಸಿನಲ್ಲಿ ಆತ ತೀರಿಕೊಂಡ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನ ಗೌರವ ಬಂದದ್ದು 2000ದಲ್ಲಿ.

ಇನ್ನೊಂದು ದಾರಿಯೂ ಇದೆ ಎನ್ನಲು ಕ್ಯಾರಲ್ ಕೆ ಅವರ ಬದುಕಿದೆ. ಬಡತನದಲ್ಲಿ ಬೆಳೆದು, ಹದಿನಾಲ್ಕರ ವಯಸ್ಸಿಗೇ ಗಿಟಾರ್ ಪಾಠ ಹೇಳಿ ಮನೆಗೆ ನೆರವಾದ ಹುಡುಗಿ. 1963ರಲ್ಲಿ ಲಾಸ್ ಏಂಜಲೀಸ್‌ನ ಧ್ವನಿಮುದ್ರಣವೊಂದಕ್ಕೆ ಬೇಸ್ ನುಡಿಸಬೇಕಾದವರು ಬರಲಿಲ್ಲ. ಸಮಯಕ್ಕೆ ಸರಿಯಾಗಿ ಬಂದಿದ್ದ ಗಿಟಾರ್ ವಾದಕಿಯ ಕೈಗೆ ಬೇಸ್ ಕೊಟ್ಟರು. ಅಲ್ಲಿಂದ ಸಾವಿರಾರು ಧ್ವನಿಮುದ್ರಣಗಳಲ್ಲಿ ಆಕೆ ನುಡಿಸಿದರು, ಬೇಸ್ ಕಲಿಕೆಯ ಪುಸ್ತಕಗಳನ್ನು ಬರೆದರು, ಪಾಠ ಹೇಳಿದರು. 2025ರಲ್ಲಿ ಅದೇ ಹಾಲ್ ಆಫ್ ಫೇಮ್ ತನ್ನನ್ನು ಆರಿಸಿದಾಗ ಬೇಡವೆಂದರು. ಆ ಕೆಲಸ ತಂಡದ್ದು, ಒಬ್ಬರ ಹೆಸರಿನಲ್ಲಿ ಸಲ್ಲದು ಎಂಬುದು ಆಕೆ ಕೊಟ್ಟ ಕಾರಣಗಳಲ್ಲಿ ಒಂದು.

ಹಿಂದಿನ ಸಾಲಿನಲ್ಲಿ ನಿಲ್ಲುವುದು ಬೇರೆ, ಅಳಿಸಿಹೋಗುವುದು ಬೇರೆ. ಮೊದಲನೆಯದನ್ನು ವಾದಕ ತಾನೇ ಆರಿಸಿಕೊಳ್ಳುತ್ತಾನೆ. ಎರಡನೆಯದು ಅವನ ಮೇಲೆ ಬೀಳುತ್ತದೆ, ಅದರಿಂದ ಆತನನ್ನು ಕಾಪಾಡುವುದು ಜೊತೆಯವರ ಹೊಣೆ. ಭಾರತದಲ್ಲಿ 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯಿದೆ ವಾದಕರಿಗೂ ರಾಯಧನದ ಹಕ್ಕು ಕೊಟ್ಟಿದೆ. ತಾನು ನುಡಿಸಿದ್ದು ತನ್ನದೆಂದು ಗುರುತಿಸಿಕೊಳ್ಳುವ ಹಕ್ಕನ್ನೂ ಸಾಮಾನ್ಯವಾಗಿ ಮಾನ್ಯ ಮಾಡಿದೆ. ಎ.ಆರ್. ರೆಹಮಾನ್ ತಮ್ಮ ಆಲ್ಬಮ್ಮುಗಳಲ್ಲಿ ವಾದಕರ ಹೆಸರು ಮುದ್ರಿಸಿದ್ದರಿಂದ ಚೆನ್ನೈನ ಬೇಸ್ ವಾದಕ ಕೀತ್ ಪೀಟರ್ಸ್ ಅಂಥವರ ಹೆಸರು ಕೇಳುಗರಿಗೆ ತಿಳಿಯಿತು. ಕಾಲೇಜಿನ ತಂಡ ಒಂದು ಹಾಡು ಮಾಡಿ ಜನರ ಮುಂದಿಟ್ಟರೂ ನಾಲ್ವರ ಹೆಸರು ಅದರ ಕೆಳಗಿರಲಿ. ಖರ್ಚು ಏನೂ ಇಲ್ಲ.

ಮನೆಯವರಿಗೆ ನಾಲ್ಕು ಮಾತು

ಮಗು ಬೇಸ್ ಕಲಿಯುತ್ತೇನೆಂದರೆ ಹೆದರಬೇಕಾಗಿಲ್ಲ. ದುಬಾರಿ ವಾದ್ಯದಿಂದ ಆರಂಭಿಸಬೇಕಾಗಿಯೂ ಇಲ್ಲ. ಕತ್ತು ನೆಟ್ಟಗಿರುವ, ಎಲ್ಲ ಫ್ರೆಟ್‌ಗಳಲ್ಲಿ ಸ್ವರ ಶುದ್ಧವಾಗಿ ಬರುವ ಸೆಕೆಂಡ್ ಹ್ಯಾಂಡ್ ವಾದ್ಯ ಸಾಕು. ಕೊಳ್ಳುವಾಗ ನುಡಿಸಬಲ್ಲವರೊಬ್ಬರು ಜೊತೆಗಿರಲಿ. ಕೈ ಚಿಕ್ಕದಾಗಿದ್ದರೆ 30 ಅಂಗುಲದ ಅಳತೆಯ ಬೇಸ್‌ಗಳಿವೆ. ಮೆಕಾರ್ಟ್ನಿಯ ಹಾಫ್ನರ್ ಕೂಡ ಹೆಚ್ಚುಕಡಿಮೆ ಆ ಅಳತೆಯದೇ. ದೊಡ್ಡ ಆಂಪ್ಲಿಫೈಯರಿಗಿಂತ ಮೊದಲು ತಾಳ ಎಣಿಸುವ ಮೆಟ್ರೊನೋಮ್ ಬೇಕು. ಅಭ್ಯಾಸದ ಕೋಣೆಯಲ್ಲಿ ಕಿವಿಗೆ ಪ್ಲಗ್ ಇರಲಿ, ಕೆಟ್ಟ ಕಿವಿಯನ್ನು ಮತ್ತೆ ಕೊಳ್ಳಲಾಗದು. ಪರೀಕ್ಷೆ ಇಲ್ಲದೆ ಸಮಾಧಾನವಾಗದ ಪೋಷಕರಿಗೆ ಇನ್ನೊಂದು ಸುದ್ದಿ: ಟ್ರಿನಿಟಿ ಕಾಲೇಜ್ ಲಂಡನ್‌ನ ರಾಕ್ ಅಂಡ್ ಪಾಪ್ ಪರೀಕ್ಷೆಗಳಲ್ಲಿ ಬೇಸ್‌ಗೂ ಪ್ರತ್ಯೇಕ ಗ್ರೇಡ್‌ಗಳಿವೆ.

ತಂಡದ ವಿಚಾರಕ್ಕೆ ಬಂದರೆ, ಗೆಳೆತನ ಕೆಡುವುದು ಬಹುಪಾಲು ಹೇಳದೆ ಉಳಿದ ಮಾತುಗಳಿಂದ. ಅಭ್ಯಾಸ ಎಷ್ಟು ಗಂಟೆಗೆ, ಯಾರು ಏನು ಹೊರಬೇಕು, ಹಣ ಬಂದರೆ ಹೇಗೆ ಹಂಚಬೇಕು, ಪರೀಕ್ಷೆಗೆ ಎಷ್ಟು ದಿನ ಮುಂಚೆ ಕಾರ್ಯಕ್ರಮ ನಿಲ್ಲಿಸಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡರೆ ಒಳ್ಳೆಯದು. ಇಂಥ ಹಾಳೆ ಬರೆಯಲು ಬೇಸ್ ನುಡಿಸುವವನಿಗಿಂತ ಯೋಗ್ಯರಿಲ್ಲ. ಡ್ರಮ್ಸಿನ ಲಯವನ್ನೂ ಗಾಯಕನ ಸ್ವರವನ್ನೂ ಒಟ್ಟಿಗೆ ಕೇಳಿಸಿಕೊಂಡು ನಡುವೆ ಗಂಟು ಹಾಕುವುದೇ ಅವನ ಕೆಲಸ. ಗಿಟಾರ್ 'ಸಿ ಮೇಜರ್' ನುಡಿಸುತ್ತಿರುವಾಗ ಬೇಸ್ ಅದರಡಿಯಲ್ಲಿ 'ಎ' ಸ್ವರ ಹಿಡಿದರೆ, ಕೇಳುಗನಿಗೆ ಅದು 'ಎ ಮೈನರ್' ಆಗಿ, ಹಾಡಿನ ಮುಖವೇ ಬಾಡಿದಂತೆ ಕೇಳಿಸುತ್ತದೆ. ಬದಲಿಸಿದವರು ಯಾರೆಂದು ಸಭೆಗೆ ತಿಳಿಯುವುದಿಲ್ಲ. ಬೆಂಗಳೂರಿನ ರಘು ದೀಕ್ಷಿತ್ ತಂಡ ಶಿಶುನಾಳ ಶರೀಫರ ಪದಗಳನ್ನು ಹಾಡಿದಾಗ ಜನ ಎದ್ದು ಕುಣಿದದ್ದುಂಟು. ಮಾತು ಶರೀಫರದು, ಕಂಠ ರಘು ಅವರದು. ಕಾಲನ್ನು ಕದಲಿಸಿದ್ದರಲ್ಲಿ ಡ್ರಮ್ಸಿನ ಜೊತೆ ಬೇಸ್‌ಗೂ ಪಾಲಿದೆ.

ಇನ್ನು ತಂದೆಯ ಪ್ರಶ್ನೆ. ಕೇಳಿಸಲಿಲ್ಲವೆಂದರೆ ಅದು ಅವರ ತಪ್ಪೂ ಅಲ್ಲ, ಮಗನ ತಪ್ಪೂ ಅಲ್ಲ. ಮೊಬೈಲಿನ ಪುಟ್ಟ ಸ್ಪೀಕರಿಗೆ 41 ಕಂಪನದ ಸ್ವರ ಹೊರಡಿಸುವ ಶಕ್ತಿಯೇ ಇಲ್ಲ. ಅದರಲ್ಲಿ ವಿಡಿಯೋ ನೋಡಿದರೆ ಮಗ ಸುಮ್ಮನೆ ನಿಂತಂತೆಯೇ ಕಾಣುತ್ತಾನೆ. ಒಳ್ಳೆಯ ಹೆಡ್‌ಫೋನಿನಲ್ಲಿ 'ಮೈ ಗರ್ಲ್' ಹಾಡನ್ನು ಎರಡು ಸಲ ಕೇಳಬೇಕು: ಒಮ್ಮೆ ಗಾಯಕನಿಗಾಗಿ, ಇನ್ನೊಮ್ಮೆ ಕೆಳಗಿನ ಆ ಒಂದು ಬೆರಳಿಗಾಗಿ. ಮುಂದಿನ ಕಾರ್ಯಕ್ರಮಕ್ಕೆ ಸಭಾಂಗಣದ ನಡುವಿನಲ್ಲಿ ಕುಳಿತು, ಮನೆಗೆ ಬಂದ ಮೇಲೆ ಹೀಗೆ ಕೇಳಬಹುದು: "ಎರಡನೆಯ ಹಾಡಿನಲ್ಲಿ ಒಂದು ಕಡೆ ನೀನು ನುಡಿಸುವುದನ್ನು ನಿಲ್ಲಿಸಿಬಿಟ್ಟೆಯಲ್ಲ, ಯಾಕೆ?" ಆ ಪ್ರಶ್ನೆ ಕೇಳಿಸಿಕೊಂಡ ಹುಡುಗ ಅಂದು ರಾತ್ರಿ ಆಂಪ್ಲಿಫೈಯರಿನ ಭಾರವನ್ನು ಮರೆತಾನು.